ಆನ್ಸಿಬಲ್: ಒಂದು ರೋಲ್‌ನ ವೇರಿಯಬಲ್ ಇನ್ನೊಂದು ರೋಲ್‌ಗೆ ನುಗ್ಗೋದು ಯಾಕೆ?

ಆನ್ಸಿಬಲ್ ಅಂದರೆ ಹಲವು ಸರ್ವರುಗಳನ್ನು ಒಂದೇ ಕಡೆಯಿಂದ ಸಜ್ಜುಗೊಳಿಸುವ ಟೂಲ್; ಒಂದು ಕೆಲಸಕ್ಕೆ ಬೇಕಾದ ಟಾಸ್ಕ್, ವೇರಿಯಬಲ್‌ಗಳ ಕಟ್ಟನ್ನು ಅದರಲ್ಲಿ ರೋಲ್ ಅನ್ನುತ್ತಾರೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ತಂತ್ರಾಂಶಕ್ಕೆ ಒಂದು ರೋಲ್, ನಿಮ್ಮ ಆ್ಯಪ್‌ಗೆ ಒಂದು ರೋಲ್, ಎರಡರಲ್ಲೂ ‘ಪೋರ್ಟ್’ ಅನ್ನೋ ವೇರಿಯಬಲ್. ಆ್ಯಪ್ ರೋಲ್‌ನ ಡಿಫಾಲ್ಟ್ಸ್‌ನಲ್ಲಿ (ಬೇರೆಲ್ಲೂ ಹೇಳದಿದ್ದರೆ ಬಳಸುವ ವ್ಯಾಲ್ಯೂಗಳು) 8080 ಇದೆ, ಗ್ರೂಪ್ ವಾರ್ಸ್‌ನಲ್ಲಿ (ಸರ್ವರುಗಳ ಒಂದು ಗುಂಪಿಗೆ ಕೊಟ್ಟ ವೇರಿಯಬಲ್‌ಗಳು) 9000 ಕೊಟ್ಟಿದ್ದೀರಿ. ಆದರೂ ಆ್ಯಪ್‌ನ ಕಾನ್ಫಿಗ್ ಫೈಲ್‌ನಲ್ಲಿ 80 ಬಂದು ಕೂತಿದೆ. ಜೊತೆಗೆ, ಡೇಟಾಬೇಸ್ ಸರ್ವರಿನ ಐಪಿಯನ್ನು ವೆಬ್ ಸರ್ವರುಗಳಿಗೆ ತಲುಪಿಸುವುದು ಹೇಗೆ ಅಂತಲೂ ಕೇಳಿದ್ದೀರಿ.

ಆ 80 ಬಂದಿರೋದು ಎಂಜಿನ್‌ಎಕ್ಸ್ ರೋಲ್‌ನ ವಾರ್ಸ್ (ವೇರಿಯಬಲ್‌ಗಳ) ಫೋಲ್ಡರಿನಿಂದ. ಪ್ಲೇನಲ್ಲಿ (ಯಾವ ಸರ್ವರುಗಳ ಮೇಲೆ ಏನೇನು ಓಡಬೇಕು ಅಂತ ಹೇಳುವ, ಪ್ಲೇಬುಕ್‌ನ ಒಂದು ಭಾಗ) ‘ರೋಲ್ಸ್’ ಕೆಳಗೆ ಪಟ್ಟಿ ಮಾಡಿದ ಪ್ರತಿ ರೋಲ್‌ನ ವಾರ್ಸ್ ಆ ಇಡೀ ಪ್ಲೇಗೆ ಕಾಣುತ್ತೆ, ಆ ರೋಲ್ ಒಳಗಷ್ಟೇ ಅಲ್ಲ. ಪ್ಲೇ ಶುರುವಾಗುವಾಗಲೇ ಇವೆಲ್ಲ ಲೋಡ್ ಆಗಿರುವುದರಿಂದ ಎಂಜಿನ್‌ಎಕ್ಸ್ ಅನ್ನು ಪಟ್ಟಿಯ ಕೊನೆಗೆ ತಳ್ಳಿದರೂ ಉಪಯೋಗವಿಲ್ಲ. ರೋಲ್ ವಾರ್ಸ್‌ನ ಕೈ ಗ್ರೂಪ್ ವಾರ್ಸ್‌ಗಿಂತ ಮೇಲು, ಡಿಫಾಲ್ಟ್ಸ್ ಅಂತೂ ಎಲ್ಲಕ್ಕಿಂತ ಕೆಳಗೆ. ಹಾಗಾಗಿ ಪಕ್ಕದ ರೋಲ್‌ನ 80, ನಿಮ್ಮ 9000, 8080 ಎರಡನ್ನೂ ಮಣಿಸಿತು. ಆ್ಯಪ್ ರೋಲ್‌ನ ಸ್ವಂತ ವಾರ್ಸ್‌ನಲ್ಲೇ ಪೋರ್ಟ್ ಇದ್ದಿದ್ದರೆ ಅದರ ಒಳಗೆ ಅದೇ ಗೆಲ್ಲುತ್ತಿತ್ತು. ಆದರೆ ಹಾಗೆ ಮಾಡಿದರೆ ಗ್ರೂಪ್ ವಾರ್ಸ್‌ನಿಂದ ಬದಲಿಸುವ ದಾರಿ ಮುಚ್ಚಿಹೋಗುತ್ತೆ.

ಇನ್ವೆಂಟರಿ (ಸರ್ವರುಗಳ ಪಟ್ಟಿ) ತೋರಿಸುವ ಕಮಾಂಡ್‌ನಲ್ಲಿ ಆ ಹೋಸ್ಟ್‌ನ, ಅಂದರೆ ಸರ್ವರಿನ, ಹೆಸರು ಕೊಟ್ಟು ನೋಡಿದಾಗ 9000 ಅಂತಲೇ ತೋರಿಸಿತು ಅಂದಿರಲ್ಲ, ಅದು ಸುಳ್ಳು ಹೇಳಿಲ್ಲ. ಆ ಕಮಾಂಡ್‌ಗೆ ಗೊತ್ತಿರೋದು ಇನ್ವೆಂಟರಿ ಮತ್ತು ಅದರ ಪಕ್ಕದ ಗ್ರೂಪ್ ವಾರ್ಸ್, ಹೋಸ್ಟ್ ವಾರ್ಸ್ ಮಾತ್ರ. ರೋಲ್‌ಗಳ ವಿಷಯ ಅದಕ್ಕೆ ಗೊತ್ತಿಲ್ಲ. ನಿಜ ಬೆಲೆ (ವ್ಯಾಲ್ಯೂ) ಬೇಕಿದ್ದರೆ ಆ್ಯಪ್ ರೋಲ್‌ನ ಟಾಸ್ಕ್‌ಗಳ ನಡುವೆ ಒಂದು ಡಿಬಗ್ ಟಾಸ್ಕ್ ಹಾಕಿ ನೋಡಬೇಕು.

ಈಗ ಪರಿಹಾರ. ಆನ್ಸಿಬಲ್ ದಾಖಲೆಯಲ್ಲಿ 22 ಹಂತಗಳ ಆದ್ಯತೆಯ ಪಟ್ಟಿ ಇದೆ, ಅದನ್ನು ಬಾಯಿಪಾಠ ಮಾಡಲು ಹೋಗಬೇಡಿ. ಅಷ್ಟು ನೆನಪಿಟ್ಟುಕೊಂಡರೆ ಮಾತ್ರ ಓದಲು ಆಗುವ ಕೋಡ್ ಬರೆದಿದ್ದೇವೆ ಅಂದರೆ ತಪ್ಪು ಬೇರೆ ಕಡೆ ಇದೆ. ಒಂದೇ ಕ್ಲಾಸಲ್ಲಿ ಮೂವರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಕರೆಯುತ್ತಾರಲ್ಲ, ಅದೇ ಇಲ್ಲೂ: ಬರೀ ‘ಪೋರ್ಟ್’ ಬೇಡ, ‘ಎಂಜಿನ್‌ಎಕ್ಸ್_ಪೋರ್ಟ್’, ‘ಆ್ಯಪ್_ಪೋರ್ಟ್’. ರೋಲ್‌ನ ಹೆಸರು ಮುಂದಿಲ್ಲದಿದ್ದರೆ ಕೋಡ್ ಪರೀಕ್ಷಿಸುವ ಆನ್ಸಿಬಲ್ ಲಿಂಟ್ ಕೂಡ ಗೊಣಗುತ್ತೆ, ಅದಕ್ಕೊಂದು ರೂಲೇ ಇದೆ. ಹೊರಗಿನವರು ಬದಲಿಸಬಹುದಾದದ್ದೆಲ್ಲ ಡಿಫಾಲ್ಟ್ಸ್‌ನಲ್ಲಿರಲಿ. ಪ್ಯಾಕೇಜ್ ಹೆಸರಿನಂಥ, ಯಾರೂ ಮುಟ್ಟಬಾರದ ಸಂಗತಿ ಮಾತ್ರ ವಾರ್ಸ್‌ಗೆ ಹೋಗಲಿ. ಹೆಸರು ಬದಲಿಸಿದ ಮೇಲೆ ಚೆಕ್ ಮೋಡ್ (ಏನನ್ನೂ ಬದಲಿಸದೆ ನೋಡುವುದು) ಮತ್ತು ಡಿಫ್ (ವ್ಯತ್ಯಾಸ ತೋರಿಸುವುದು) ಹಾಕಿ ಒಮ್ಮೆ ಓಡಿಸಿ. ಆ್ಯಪ್‌ನ ಕಾನ್ಫಿಗ್ ಬಿಟ್ಟು ಬೇರೆ ಫೈಲ್‌ನಲ್ಲೂ ವ್ಯತ್ಯಾಸ ಕಂಡರೆ, ಅಲ್ಲೂ ಹಳೇ ಹೆಸರು ಅಡಗಿ ಕೂತಿತ್ತು ಅಂತ.

(‘ರೋಲ್ಸ್’ ಪಟ್ಟಿಯ ಬದಲು ರೋಲ್ ಅನ್ನು ಒಂದು ಟಾಸ್ಕ್ ಆಗಿ ಸೇರಿಸುವ ಇನ್‌ಕ್ಲೂಡ್ ರೋಲ್ ಬಳಸಿದರೆ ವಾರ್ಸ್ ಹೊರಗೆ ಸೋರುವುದಿಲ್ಲ, ‘ಪಬ್ಲಿಕ್’ ಅಂತ ನೀವೇ ಹೇಳದ ಹೊರತು. ಇಂಪೋರ್ಟ್ ರೋಲ್ ಹಾಗಲ್ಲ, ಸೋರುತ್ತೆ. ಬರೀ ಇದಕ್ಕೋಸ್ಕರ ಪ್ಲೇಬುಕ್ ತಿದ್ದಿ ಬರೆಯೋದು ನನಗಂತೂ ಸರಿ ಕಾಣಲ್ಲ.)

ಡೇಟಾಬೇಸ್ ಐಪಿ ವಿಚಾರ. ಅದು ಬದಲಾಗದ ಐಪಿ ಆಗಿದ್ದರೆ ಜಾಣತನವೇ ಬೇಡ, ‘ಆಲ್’ ಗ್ರೂಪಿನ ವಾರ್ಸ್‌ನಲ್ಲಿ ಬರೆದಿಟ್ಟರೆ ಮುಗೀತು. ಕ್ಲೌಡ್‌ನಲ್ಲಿ ದಿನಕ್ಕೊಂದು ಐಪಿ ಬರುತ್ತೆ ಅಂದರೆ ಹೋಸ್ಟ್‌ವಾರ್ಸ್ (ಬೇರೆ ಹೋಸ್ಟ್‌ಗಳ ವೇರಿಯಬಲ್ ಓದುವ ದಾರಿ) ಮೂಲಕ ಡೇಟಾಬೇಸ್ ಗ್ರೂಪಿನ ಮೊದಲ ಹೋಸ್ಟ್‌ನ ಫ್ಯಾಕ್ಟ್ಸ್, ಅಂದರೆ ಆನ್ಸಿಬಲ್ ಆ ಸರ್ವರಿನಿಂದ ಸಂಗ್ರಹಿಸಿದ ವಿವರ, ಓದಬಹುದು. ಆದರೆ ಫ್ಯಾಕ್ಟ್ಸ್ ಇರಬೇಕು ಅಂದರೆ ಅದೇ ರನ್‌ನಲ್ಲಿ ಆ ಹೋಸ್ಟ್‌ನಿಂದ ಸಂಗ್ರಹಿಸಿರಬೇಕು, ಇಲ್ಲವೇ ಹಿಂದೆ ಸಂಗ್ರಹಿಸಿದ್ದನ್ನು ಉಳಿಸಿಟ್ಟ ಫ್ಯಾಕ್ಟ್ ಕ್ಯಾಶ್ ಇರಬೇಕು. ದಿನವೂ ಚೆನ್ನಾಗಿ ಓಡುವ ಪ್ಲೇಬುಕ್, ಯಾರೋ ‘ಲಿಮಿಟ್’ ಹಾಕಿ ವೆಬ್ ಸರ್ವರುಗಳಿಗೆ ಮಾತ್ರ ಓಡಿಸಿದಾಗ ಅನ್‌ಡಿಫೈನ್ಡ್ ಅಂತ ಬೀಳೋದು ಇದಕ್ಕೇ. ಇದಕ್ಕೆ ಮದ್ದು: ವೆಬ್ ಪ್ಲೇನ ಪ್ರೀ ಟಾಸ್ಕ್ಸ್‌ನಲ್ಲೇ ಫ್ಯಾಕ್ಟ್ಸ್ ಸಂಗ್ರಹಿಸುವ ಸೆಟಪ್ ಮಾಡ್ಯೂಲನ್ನು ಡೇಟಾಬೇಸ್ ಹೋಸ್ಟ್‌ಗೆ ಡೆಲಿಗೇಟ್ ಮಾಡಿ (ಅಲ್ಲಿ ಓಡುವಂತೆ ವಹಿಸಿ), ಜೊತೆಗೆ ‘ಡೆಲಿಗೇಟ್ ಫ್ಯಾಕ್ಟ್ಸ್’ ಟ್ರೂ ಮಾಡಿ. ಆ ಎರಡನೆಯದನ್ನು ಮರೆತರೆ ಡೇಟಾಬೇಸ್‌ನ ಫ್ಯಾಕ್ಟ್ಸ್ ವೆಬ್ ಸರ್ವರಿನ ಹೆಸರಿನಲ್ಲಿ ದಾಖಲಾಗುತ್ತವೆ, ಆಮೇಲೆ ಹುಡುಕೋದೇ ಕೆಲಸ.

ಓಡುವಾಗಲೇ ವೇರಿಯಬಲ್ ಇಡುವ ಸೆಟ್ ಫ್ಯಾಕ್ಟ್‌ನಿಂದ ಹಂಚಿಕೊಳ್ಳಬಹುದಲ್ಲ ಅಂದಿದ್ದೀರಿ. ಆಗುತ್ತೆ, ಆದರೆ ಅದು ಆ ಹೋಸ್ಟ್‌ಗೆ ಅಂಟಿಕೊಂಡು ಮುಂದಿನ ಪ್ಲೇಗಳಿಗೂ ಹೋಗುತ್ತೆ, ರೋಲ್ ವಾರ್ಸ್‌ಗಿಂತ ಮೇಲೂ ಕೂರುತ್ತೆ. ನಾನಾದರೆ ಲೆಕ್ಕ ಹಾಕಿ ಪಡೆದ ಬೆಲೆಗಳಿಗೆ ಮಾತ್ರ ಬಳಸುತ್ತೇನೆ. ಟಾಸ್ಕ್‌ನ ಫಲಿತಾಂಶ ಹಿಡಿದಿಡುವ ರಿಜಿಸ್ಟರ್ ಕೂಡ ಹೋಸ್ಟ್‌ಗೆ ಸೇರಿದ್ದೇ, ಅದರಲ್ಲೊಂದು ಎಡವಿ ಬೀಳುವ ಗುಂಡಿ ಇದೆ: ‘ವೆನ್’ ಷರತ್ತಿನಿಂದ ಟಾಸ್ಕ್ ಸ್ಕಿಪ್ ಆದರೂ ರಿಜಿಸ್ಟರ್ ಆಗೇ ಆಗುತ್ತೆ. ಒಂದೇ ಹೆಸರಿಗೆ ಎರಡು ಟಾಸ್ಕ್ ರಿಜಿಸ್ಟರ್ ಮಾಡಿ ಎರಡನೆಯದು ಸ್ಕಿಪ್ ಆದರೆ, ಮೊದಲನೆಯದರ ಫಲಿತಾಂಶ ಅಳಿಸಿಹೋಗಿ ‘ಸ್ಕಿಪ್ಡ್’ ಅನ್ನೋದಷ್ಟೇ ಉಳಿಯುತ್ತೆ.

ಇನ್ನು ಕಮಾಂಡ್ ಲೈನ್‌ನ ಎಕ್ಸ್‌ಟ್ರಾ ವಾರ್ಸ್ ಯಾವಾಗಲೂ ಎಲ್ಲರನ್ನೂ ಮೀರಿಸುತ್ತೆ, ಸೆಟ್ ಫ್ಯಾಕ್ಟನ್ನೂ. ಸಮ ಚಿಹ್ನೆ ಹಾಕಿ ಕೊಟ್ಟ ಬೆಲೆ ಅಲ್ಲಿ ಬರೀ ಸ್ಟ್ರಿಂಗ್. ಟ್ರೂ, ಫಾಲ್ಸ್ ಅಥವಾ ಸಂಖ್ಯೆ ಆಗಿಯೇ ಬರಬೇಕಿದ್ದರೆ ಜೇಸನ್ ರೂಪದಲ್ಲಿ ಕೊಡಿ.