ಪಶ್ಚಿಮದ ಬಿಸಿಲಿಗೆ ಓಕ್ ಮರ ಹಚ್ಚಬಹುದೇ?

ಪ್ರಶ್ನೆ: ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಅವನ ಮನೆ ಮುಂದಿನ ಓಕ್ ಮರದ ನೆರಳು ನೋಡಿ ನಮಗೂ ಆಸೆ ಆಗಿದೆ. ಊರಿಗೆ ಬರುವಾಗ ಬೀಜ ತರ್ತೀನಿ ಅಂತಾನೆ. ನಮ್ಮದು ಎರೆ ಮಣ್ಣು, ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಮಧ್ಯಾಹ್ನ ಮೂರರ ಮೇಲೆ ಪಡಸಾಲೆಯಲ್ಲಿ ಕೂಡಲು ಆಗುವುದಿಲ್ಲ. ಇಲ್ಲಿ ಓಕ್ ಬರುತ್ತದೆಯೇ?
– ಓದುಗರೊಬ್ಬರು, ನವನಗರ, ಹುಬ್ಬಳ್ಳಿ

ಉತ್ತರ: ಮೊದಲು ಮಗನಿಗೆ ಫೋನ್ ಮಾಡಿ, ಬೀಜ ತರಬೇಡ ಅಂತ ಹೇಳಿಬಿಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಬರುವ ವಿಷಯ ಅಲ್ಲ ಇದು. ಅಷ್ಟಕ್ಕೂ ಓಕ್ ಕಾಯಿ ಒಣಗಿತೆಂದರೆ ಮುಗೀತು, ಮೊಳೆಯುವುದಿಲ್ಲ. ಅಲ್ಲಿನ ಹಲವು ಓಕ್‌ಗಳ ಬೀಜ ಒಂದೆರಡು ತಿಂಗಳು ತಣ್ಣನೆಯ ಹಸಿಯಲ್ಲಿದ್ದರೇ ಕಣ್ಣು ಬಿಡುವುದು. ಹುಬ್ಬಳ್ಳಿಯ ಚಳಿ ಅದಕ್ಕೆ ಎಲ್ಲಿ ಸಾಲುತ್ತದೆ?

ನಮ್ಮ ದೇಶದಲ್ಲೂ ಓಕ್ ಇವೆ. ಉತ್ತರಾಖಂಡ, ಹಿಮಾಚಲದ ಬೆಟ್ಟಗಳಲ್ಲಿ ಬಾಂಜ್ ಅಂತಾರೆ. ಮಣಿಪುರದಲ್ಲಿ ಓಕ್ ಎಲೆ ಮೇಯಿಸಿ ಟಸರ್ ರೇಷ್ಮೆ ಬೆಳೆಯುತ್ತಾರೆ. ಆದರೆ ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆದ ಓಕ್ ಇಲ್ಲ. ಓಹಾಯೋದವರು ತಮ್ಮ ನೆಲದ ಮರವನ್ನು ತಮ್ಮ ಅಂಗಳಕ್ಕೆ ಹಚ್ಚಿಕೊಂಡಿದ್ದಾರೆ, ಅಷ್ಟೇ. ನೀವೂ ಅದನ್ನೇ ಮಾಡಿ. ನನ್ನ ಆಯ್ಕೆ ಹೊಂಗೆ.

ಬೇವು ಯಾಕೆ ಬೇಡ ಅಂತ ಕೇಳಬಹುದು. ಬೇವು ಒಳ್ಳೆಯ ಮರವೇ. ಆದರೆ ಅದರ ಎಲೆ ಸಣ್ಣದು, ನೆರಳು ಜಾಲರಿ ಜಾಲರಿ. ಇಳಿಹೊತ್ತಿನ ಓರೆ ಬಿಸಿಲಿಗೆ ದಟ್ಟ ತಲೆಯೇ ಬೇಕು. ಹೊಂಗೆ ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿ, ಸ್ವಲ್ಪೇ ದಿನದಲ್ಲಿ ಮೈತುಂಬ ಚಿಗುರುತ್ತದೆ. ಆ ಚಿಗುರು ಎಣ್ಣೆ ಸವರಿದಷ್ಟು ಹೊಳೆಯುತ್ತದೆ. ಬಿಸಿಲು ಏರುವ ಹೊತ್ತಿಗೆ ನೆರಳು ರೆಡಿ. ಆಮೇಲೆ ಹೂವು ಉದುರಿ ಅಂಗಳ ತುಂಬುತ್ತದೆ. ಕಸ ಗುಡಿಸುವವರು ಬೈದುಕೊಳ್ಳಬಹುದು, ಜೇನು ಮಾತ್ರ ಬಿಡುವುದಿಲ್ಲ. ಎಲೆ ಮೇಲೆ ಸಣ್ಣ ಗಂಟುಗಳು ಕಂಡರೆ ಗಾಬರಿ ಬೇಡ. ನುಸಿಯ ಕೆಲಸ ಅದು, ಮರಕ್ಕೆ ಏನೂ ಆಗುವುದಿಲ್ಲ. ಔಷಧಿ ಹೊಡೆದು ದುಡ್ಡು ಕಳೆಯಬೇಡಿ.

ಜಾಗದ ವಿಷಯದಲ್ಲಿ ಮಾತ್ರ ಹಟ ಮಾಡಿ. ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಬುನಾದಿಯ ಪಕ್ಕದಲ್ಲಿ ದೊಡ್ಡ ಮರ ನೀರು ಹೀರಿದರೆ ಈ ಎಳೆದಾಟ ಇನ್ನೂ ಜಾಸ್ತಿ, ಗೋಡೆ ಸೀಳುತ್ತದೆ. ಹದಿನೈದು ಅಡಿಯಾದರೂ ದೂರ ಇರಲಿ. ಮೇಲೆ ಕರೆಂಟಿನ ತಂತಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ವರ್ಷಾ ವರ್ಷಾ ಯಾರೋ ಬಂದು ತಲೆ ಬೋಳಿಸಿ ಹೋಗುತ್ತಾರೆ.

ತಗ್ಗು ತೋಡಿ ಮರಳು, ಕೆಂಪು ಮಣ್ಣು ತುಂಬುವ ಚಾಳಿ ನಮ್ಮಲ್ಲಿದೆ. ಎರೆ ನೆಲದಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಸುತ್ತಲಿನ ಜಿಗುಟು ಮಣ್ಣು ನೀರು ಬಿಡುವುದಿಲ್ಲ, ಮಳೆನೀರೆಲ್ಲ ಬಂದು ತಗ್ಗಿನಲ್ಲೇ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ತೆಗೆದ ಮಣ್ಣನ್ನೇ ಹೆಂಟೆ ಒಡೆದು ವಾಪಸ್ ಹಾಕಿ, ಗಿಡವನ್ನು ನೆಲಕ್ಕಿಂತ ಎರಡು ಬೆರಳು ಎತ್ತರಕ್ಕೆ ಕೂಡಿಸಿ. ಕೊಟ್ಟಿಗೆ ಗೊಬ್ಬರ ಮೇಲೆ ಹರಡಿದರೆ ಸಾಕು. ಮಿರಗದ ಮಳೆ ಬಿದ್ದ ಮೇಲೆ ಹಚ್ಚಿ.

ನರ್ಸರಿಯಲ್ಲಿ ಎತ್ತರದ ಗಿಡಕ್ಕೆ ಮರುಳಾಗಬೇಡಿ. ಚೀಲ ಹರಿದು ಬೇರು ನೋಡಿ. ತಳದಲ್ಲಿ ಸಿಂಬೆ ಸುತ್ತಿಕೊಂಡಿದ್ದರೆ ಆ ಸುತ್ತು ಕತ್ತರಿಸಿಯೇ ಹಚ್ಚಬೇಕು. ನನ್ನ ಕೇಳಿದರೆ ಗಿಡಕ್ಕಿಂತ ಬೀಜ ವಾಸಿ. ಹೊಸ ಹೊಂಗೆ ಕಾಯಿ ಒಡೆದು, ಇದ್ದಲ್ಲೇ ಮೂರು ಬೀಜ ಊರಿ, ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ. ಬೇರು ನೆಟ್ಟಗೆ ಇಳಿಯುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ನಿಧಾನಕ್ಕೆ ಇಂಗಿಸಿ. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೇ ಆಡುತ್ತದೆ. ಬುಡಕ್ಕೆ ಕಟ್ಟೆ ಕಟ್ಟಿಸಬೇಡಿ, ಫರಸಿ ಹಾಸಬೇಡಿ. ಒಣ ಎಲೆ ಮುಚ್ಚಿ, ಕಾಂಡಕ್ಕೆ ಮಾತ್ರ ತಾಗದಿರಲಿ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಸಿಲ್ವರ್ ಓಕ್ ಇದೆ. ಅದನ್ನೇ ಮನೆ ಮುಂದೆ ನೆರಳಿಗೆ ಹಚ್ಚಿದರೆ ಹೇಗೆ?
– ಓದುಗರೊಬ್ಬರು, ಹಾನಗಲ್, ಹಾವೇರಿ ಜಿಲ್ಲೆ

ಉತ್ತರ: ಬೇಡ. ಅದು ಓಕ್ ಜಾತಿಯೇ ಅಲ್ಲ, ಆಸ್ಟ್ರೇಲಿಯಾದ ಬೇರೆಯೇ ಮರ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಅದನ್ನು ಬೆಳೆಸುವುದೇ ತೆಳು ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ. ಜೋರು ಗಾಳಿಗೆ ಟೊಂಗೆ ಮುರಿಯುತ್ತದೆ, ಕೆಳಗೆ ನಿಮ್ಮ ಸ್ಕೂಟರ್ ನಿಂತಿರುತ್ತದೆ. ಬದುವಿನಲ್ಲೇ ಇರಲಿ, ಕಟ್ಟಿಗೆಗೆ ಬೆಲೆ ಇದೆ.