ಜ್ವರಕ್ಕೆ ‘ಹ್ಯಾವ್’, ಹಸಿವಿಗೆ ‘ಆಮ್’ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ‘ಐ ಆಮ್ ಹಂಗ್ರಿ’ ಸರಿ, ‘ಐ ಆಮ್ ಫೀವರ್’ ತಪ್ಪು. ‘ಐ ಹ್ಯಾವ್ ಎ ಫೀವರ್’ ಸರಿ, ‘ಐ ಹ್ಯಾವ್ ಹಂಗ್ರಿ’ ತಪ್ಪು. ಕನ್ನಡದಲ್ಲಿ ಎರಡನ್ನೂ ‘ನನಗೆ’ ಅಂತಲೇ ಶುರು ಮಾಡುತ್ತೇವೆ. ಹಾಗಾದರೆ ‘ಹ್ಯಾವ್’ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ಗೊತ್ತಾಗೋದು ಹೇಗೆ?

ನಾನು ವಿಜಯನಗರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿ, ಈಗ ಬ್ಯಾಂಕು, ಆಸ್ಪತ್ರೆ, ಶೋರೂಮುಗಳಲ್ಲಿ ಕೆಲಸಕ್ಕೆ ಸೇರಿದವರು ಬರುತ್ತಾರೆ. ಎಲ್ಲರೂ ಟೆನ್ಸ್ ಕಷ್ಟ ಅಂತ ಹೇಳಿಕೊಂಡೇ ಬರುತ್ತಾರೆ. ಆದರೆ ಅವರು ದಿನಾ ಎಡವುವುದು ‘ಹ್ಯಾವ್’ ಹತ್ತಿರ.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಕನ್ನಡದಲ್ಲಿ ಜ್ವರ ನನಗೆ, ಹಸಿವು ನನಗೆ, ಕೋಪ ನನಗೆ, ಇಬ್ಬರು ಅಕ್ಕಂದಿರು ನನಗೆ, 30 ವರ್ಷ ವಯಸ್ಸೂ ನನಗೆ. ಸ್ಕೂಲಲ್ಲಿ ಬಾಯಿಪಾಠ ಮಾಡಿದ ಚತುರ್ಥಿ ವಿಭಕ್ತಿ, ಅದೇ ‘ಗೆ, ಇಗೆ, ಕ್ಕೆ’, ಇಷ್ಟನ್ನೂ ನಿಭಾಯಿಸುತ್ತದೆ. ತಮಿಳಿನ ‘ಎನಕ್ಕು’, ತೆಲುಗಿನ ‘ನಾಕು’ ಕೂಡ ಹೀಗೇ. ದುಡ್ಡು, ಪೆನ್ನು, ಬೈಕಿಗಾದರೆ ‘ನನ್ನ ಹತ್ತಿರ’ ಅನ್ನುತ್ತೇವೆ. ಅಲ್ಲೂ ಕೊನೆಗೆ ಬರುವುದು ‘ಇದೆ’. ಆಡುಮಾತಿನ ಕನ್ನಡಕ್ಕೆ ‘ಹ್ಯಾವ್’ನಂಥ ಕ್ರಿಯಾಪದ ಬೇಕಾಗಿಯೇ ಇಲ್ಲ. ಇದು ನಮ್ಮ ಭಾಷೆಯ ಕೊರತೆ ಅಂದುಕೊಳ್ಳಬೇಡಿ. ಲ್ಯಾಟಿನ್‌ನಲ್ಲೂ ‘ಮಿಹಿ ಎಸ್ಟ್’ ಅನ್ನುತ್ತಿದ್ದರು, ಅಂದರೆ ‘ನನಗೆ ಇದೆ’. ರಷ್ಯನ್ನರು ಇವತ್ತಿಗೂ ‘ನನ್ನ ಹತ್ತಿರ ಇದೆ’ ಅನ್ನುವ ಥರವೇ ಮಾತಾಡುತ್ತಾರೆ.

ಇಂಗ್ಲಿಷ್‌ನಲ್ಲಿ ಈ ‘ನನಗೆ’ ಹೋಗಿ ‘ಐ’ ಮುಂದೆ ಬಂದು ನಿಲ್ಲುತ್ತದೆ. ಆಮೇಲೆ ಬರೋದು ‘ಆಮ್’ ಆ, ‘ಹ್ಯಾವ್’ ಆ? ಅದನ್ನು ತೀರ್ಮಾನಿಸುವುದು ಮುಂದಿನ ಪದದ ಜಾತಿ, ಅರ್ಥ ಅಲ್ಲ. ಫೀವರ್ ನಾಮಪದ, ಅದಕ್ಕೇ ಹ್ಯಾವ್. ಹಂಗ್ರಿ ಗುಣವಾಚಕ, ಅದಕ್ಕೇ ಆಮ್. ಜ್ವರ ಬೇರೆ ಥರ, ಹಸಿವು ಬೇರೆ ಥರ ಅಂತೇನಾದರೂ ಆಳವಾದ ತರ್ಕ ಇದೆಯಾ ಅಂತ ಹುಡುಕಬೇಡಿ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಹಸಿವಿಗೂ ಅವರ ‘ಹ್ಯಾವ್’ ಅನ್ನೇ ಹಾಕುತ್ತಾರೆ. ಯಾಕೆಂದರೆ ಅಲ್ಲಿ ಬಳಸುವ ಪದ ‘ಹಸಿವು’ ಅನ್ನುವ ನಾಮಪದ. ಫ್ರೆಂಚರು ವಯಸ್ಸಿಗೂ ‘ಹ್ಯಾವ್’ ಹಾಕುತ್ತಾರೆ. ಇಂಗ್ಲಿಷಿನವರು ಅಲ್ಲಿ ‘ಐ ಆಮ್ 30’ ಅನ್ನುತ್ತಾರೆ, ಅಷ್ಟೇ.

ಪದದ ಜಾತಿ ಗೊತ್ತಾಗದಿದ್ದರೆ ಅದರ ಮುಂದೆ ‘ವೆರಿ’ ಹಾಕಿ ನೋಡಿ. ವೆರಿ ಹಂಗ್ರಿ, ವೆರಿ ಟೈರ್ಡ್, ವೆರಿ ಬ್ಯುಸಿ, ಇವೆಲ್ಲ ಸಲೀಸಾಗಿ ಬರುತ್ತವೆ. ಅಲ್ಲಿ ಆಮ್, ಈಸ್, ಆರ್. ವೆರಿ ಫೀವರ್, ವೆರಿ ಹೆಡೇಕ್, ವೆರಿ ಎಕ್ಸಾಮ್ ಅಂದರೆ ಕಿವಿಗೇ ಒಗ್ಗಲ್ಲ. ಅಲ್ಲಿ ಹ್ಯಾವ್, ಹ್ಯಾಸ್. ನಮ್ಮೂರಲ್ಲಿ ದಿನಾ ಕೇಳುವ ‘ಐ ಆಮ್ ಲೀವ್ ಟುಮಾರೋ’ ಮಾತ್ರ ಈ ಎರಡಕ್ಕೂ ಸೇರದು. ಅದು ‘ಆನ್ ಲೀವ್’. ಇನ್ನು ‘ಲೆಗ್ ಈಸ್ ಪೇನಿಂಗ್’ ಬದಲು ‘ಐ ಹ್ಯಾವ್ ಎ ಪೇನ್ ಇನ್ ಮೈ ಲೆಗ್’ ಅಥವಾ ‘ಮೈ ಲೆಗ್ ಹರ್ಟ್ಸ್’ ಅನ್ನಿ.

ಒಂದೇ ಪದಕ್ಕೆ ಎರಡೂ ಜಾತಿ ಇದ್ದಾಗ ಹುಷಾರಾಗಿರಬೇಕು. ‘ಕೋಲ್ಡ್’ ತಗೊಳ್ಳಿ. ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ. ‘ಐ ಆಮ್ ಕೋಲ್ಡ್’ ಅಂದರೆ ಚಳಿ. ನನ್ನ ಹತ್ತಿರ ಬರುವ ಒಬ್ಬ ನರ್ಸ್ ಡ್ಯೂಟಿ ಬದಲಾಗುವಾಗ ನೋಟ್‌ಬುಕ್‌ನಲ್ಲಿ ‘ಪೇಷಂಟ್ ಈಸ್ ಕೋಲ್ಡ್’ ಅಂತ ಬರೆದಿದ್ದರು. ಮುಂದಿನ ಶಿಫ್ಟಿನವರು ಕೇರಳದವರು, ಅವರಿಗೆ ಕನ್ನಡ ಬರಲ್ಲ. ಓದಿದವರೇ ಗಾಬರಿಯಾಗಿ ಓಡಿ ಹೋಗಿ ರೋಗಿಯ ಕೈ ಮುಟ್ಟಿ ನೋಡಿದರು, ಬಿಪಿ ನೋಡಿದರು, ಇನ್ನೊಂದು ಕಂಬಳಿ ಹೊದಿಸಿದರು. ಪಾಪ, ಆ ಅಜ್ಜನಿಗೆ ಇದ್ದದ್ದು ಬರೀ ನೆಗಡಿ. ಮೈ ತಣ್ಣಗಾಗಿದೆ ಅನ್ನೋದಕ್ಕೂ ಮೂಗು ಸೋರುತ್ತಿದೆ ಅನ್ನೋದಕ್ಕೂ ಆಸ್ಪತ್ರೆಯಲ್ಲಿ ಎಷ್ಟು ವ್ಯತ್ಯಾಸ, ಅಲ್ವಾ? ಅವತ್ತಿನಿಂದ ನಾನು ಈ ವಿಷಯವನ್ನು ಸುಮ್ನೆ ವ್ಯಾಕರಣ ಅಂತ ಪಾಠ ಮಾಡುವುದಿಲ್ಲ.

ಹಾಗಾದರೆ ಹ್ಯಾವ್ ಜೊತೆ ಗುಣವಾಚಕ ಬರುವುದೇ ಇಲ್ಲವಾ? ಬರುತ್ತದೆ, ಆದರೆ ಬೆನ್ನಿಗೆ ಒಂದು ನಾಮಪದ ಇರಬೇಕು. ‘ಐ ಹ್ಯಾವ್ ಎ ಹೈ ಫೀವರ್’, ‘ಶಿ ಹ್ಯಾಸ್ ಲಾಂಗ್ ಹೇರ್’. ಊಟ ತಿಂಡಿ ವಿಷಯದಲ್ಲಿ ಇದಕ್ಕೊಂದು ಚಂದದ ಗುಟ್ಟಿದೆ. ‘ವಿ ಹ್ಯಾಡ್ ಲಂಚ್’ ಅನ್ನುವಾಗ ಲಂಚ್ ಮುಂದೆ ‘ಎ’ ಬರಲ್ಲ. ‘ಹೆವಿ’ ಸೇರಿದ ಕೂಡಲೇ ‘ಎ’ ಬಂದುಬಿಡುತ್ತದೆ: ‘ವಿ ಹ್ಯಾಡ್ ಎ ಹೆವಿ ಲಂಚ್’. ಬ್ರೇಕ್‌ಫಾಸ್ಟ್, ಡಿನ್ನರ್‌ಗೂ ಇದೇ ನಿಯಮ.

ಇಲ್ಲಿ ‘ಹ್ಯಾಡ್’ ಅಂದರೆ ಇತ್ತು ಅಂತಲ್ಲ, ಮಾಡಿದೆವು ಅಂತ. ಹ್ಯಾವ್ ಎ ಬಾತ್, ಹ್ಯಾವ್ ಎ ಲುಕ್, ಹ್ಯಾವ್ ಎ ಚಾಟ್, ಇವೆಲ್ಲ ಕೆಲಸಗಳು. ಕೆಲಸ ನಡೆಯುತ್ತಾ ಇರಬಹುದು. ಅದಕ್ಕೇ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ. ಆದರೆ ನಮ್ಮ ಇರುವಿಕೆ, ಆಸ್ತಿ, ನೆಂಟಸ್ತನಕ್ಕೆ ‘ಹ್ಯಾವಿಂಗ್’ ಒಗ್ಗುವುದಿಲ್ಲ. ಬೆಂಗಳೂರಲ್ಲಿ ಮನೆ ಹುಡುಕಿದವರೆಲ್ಲ ಬ್ರೋಕರ್ ಬಾಯಲ್ಲಿ ‘ಹೌಸ್ ಈಸ್ ಹ್ಯಾವಿಂಗ್ ಕಾವೇರಿ ವಾಟರ್’ ಅನ್ನೋದನ್ನು ಕೇಳಿರುತ್ತಾರೆ. ಅದು ‘ದ ಹೌಸ್ ಹ್ಯಾಸ್ ಕಾವೇರಿ ವಾಟರ್’ ಆಗಬೇಕು. ಇಂಟರ್ವ್ಯೂನಲ್ಲಿ ‘ಐ ಆಮ್ ಹ್ಯಾವಿಂಗ್ 5 ಇಯರ್ಸ್ ಎಕ್ಸ್‌ಪೀರಿಯನ್ಸ್’ ಅನ್ನಬೇಡಿ, ‘ಐ ಹ್ಯಾವ್’ ಸಾಕು. ಇದು ಭಾರತದ ಇಂಗ್ಲಿಷ್‌ನಲ್ಲಿ ಎಲ್ಲ ಕಡೆ ಕೇಳಿಬರುತ್ತದೆ. ನಮ್ಮ ನಮ್ಮಲ್ಲಿ ಎಲ್ಲರಿಗೂ ಅರ್ಥವೂ ಆಗುತ್ತದೆ. ಹಾಗಂತ ಕೆಲಸದ ಇಂಟರ್ವ್ಯೂನಲ್ಲಿ ಯಾಕೆ ರಿಸ್ಕ್?

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಕನ್ನಡ ಬಲ್ಲವರಿಗೆ ಲಾಭವಿದೆ. ಹ್ಯಾವ್ ಆದ ಮೇಲೆ ಒಂದು ವಸ್ತು, ಅದರ ಹಿಂದೆಯೇ ಗುಣವಾಚಕ ಬಂದರೆ ನಮ್ಮ ‘ಇಟ್ಟಿರು’ ನೆನಪಿಸಿಕೊಳ್ಳಿ. ‘ಹ್ಯಾವ್ ದ ಫೈಲ್ ರೆಡಿ’ ಅಂದರೆ ಫೈಲ್ ರೆಡಿ ಮಾಡಿಟ್ಟಿರು. ‘ಐ ಹ್ಯಾವ್ ದ ವಿಂಡೋ ಓಪನ್’ ಅಂದರೆ ಕಿಟಕಿ ತೆಗೆದಿಟ್ಟಿದ್ದೇನೆ.

ಗುಣವಾಚಕದ ಜಾಗದಲ್ಲಿ ಪೇಂಟೆಡ್, ರಿಪೇರ್ಡ್, ಕಟ್ ಥರದ ಪದ ಬಂದರೆ ‘ಮಾಡಿಸು’ ನೆನಪಿಸಿಕೊಳ್ಳಿ. ಈ ಎರಡು ವಾಕ್ಯ ಬರೆದಿಟ್ಟುಕೊಳ್ಳಿ:

ಐ ಹ್ಯಾಡ್ ಪೇಂಟೆಡ್ ದ ಹೌಸ್.
ಐ ಹ್ಯಾಡ್ ದ ಹೌಸ್ ಪೇಂಟೆಡ್.

ಪದಗಳು ಅವೇ. ಮೊದಲನೆಯದು ‘ಮನೆಗೆ ಪೇಂಟ್ ಮಾಡಿದ್ದೆ’. ಬ್ರಷ್ ನನ್ನ ಕೈಯಲ್ಲಿತ್ತು. ಎರಡನೆಯದು ‘ಮಾಡಿಸಿದೆ’. ಕೂಲಿ ಕೊಟ್ಟೆ. ‘ಹೌಸ್’ ಅನ್ನೋದು ಮಧ್ಯಕ್ಕೆ ಬಂದರೆ ಮಾಡಿಸಿದ್ದು, ಕೊನೆಗೆ ಹೋದರೆ ಮಾಡಿದ್ದು. ಹೇರ್‌ಕಟ್, ಬೈಕ್ ಸರ್ವಿಸ್, ಬ್ಲೌಸ್ ಹೊಲಿಸುವುದು, ಎಲ್ಲಕ್ಕೂ ಎರಡನೆಯದೇ ಬೇಕು. ‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ ಕೇಳುವವರು ಅಂದುಕೊಳ್ಳಬಹುದು. ಕನ್ನಡದವರು ‘ಕೂದಲು ಕಟ್ ಮಾಡಿದೆ’ ಮತ್ತು ‘ಮಾಡಿಸಿದೆ’ ಇವೆರಡನ್ನು ಎಂದೂ ಕಲಸುಮೇಲೋಗರ ಮಾಡಲ್ಲ. ಆ ‘ಇಸು’ ನಾಲಿಗೆಯಲ್ಲೇ ಇದೆ. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ, ‘ಇಸು’ ಬಂತಾ ನೋಡಿ, ಬಂದರೆ ವಸ್ತುವನ್ನು ಮಧ್ಯಕ್ಕೆ ತನ್ನಿ.

ಇಂಗ್ಲಿಷ್ ಕಲಿಯುವಾಗ ಇನ್ನೊಂದು ವಿಷಯದ ಮೇಲೂ ಕಣ್ಣಿಡಿ. ‘ಹ್ಯಾವ್’ ರೂಢಿಯಾದ ಮೇಲೆ ಅದು ತಿರುಗಿ ನಮ್ಮ ಕನ್ನಡಕ್ಕೇ ನುಗ್ಗುತ್ತದೆ. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’, ‘ಈ ಮನೆ ಮೂರು ಕೋಣೆಗಳನ್ನು ಹೊಂದಿದೆ’, ‘ರೋಗಿಯು ಜ್ವರವನ್ನು ಹೊಂದಿದ್ದಾನೆ’. ಇಂಥ ವಾಕ್ಯಗಳು ಈಗ ಸುದ್ದಿಯಲ್ಲಿ, ಜಾಹೀರಾತಿನಲ್ಲಿ, ಆ್ಯಪ್‌ಗಳಲ್ಲಿ ಸಿಗುತ್ತವೆ. ನನಗೆ ಇದನ್ನು ಓದಿದರೆ ನಿಜವಾಗಿಯೂ ಬೇಜಾರಾಗುತ್ತದೆ. ಯಾರ ಮನೆಯಲ್ಲಿ ಅಮ್ಮ ‘ಮಗು ಜ್ವರ ಹೊಂದಿದೆ’ ಅಂತಾಳೆ? ಅವರಿಗೆ ಇಬ್ಬರು ಮಕ್ಕಳಿದ್ದಾರೆ, ಮನೇಲಿ ಮೂರು ರೂಮಿದೆ, ಅವನಿಗೆ ಜ್ವರ ಬಂದಿದೆ. ಇಂಗ್ಲಿಷ್‌ನಲ್ಲಿ ಹ್ಯಾವ್ ಸರಿಯಾಗಿ ಹಾಕಿ, ಕನ್ನಡ ಬರೆಯುವಾಗ ‘ಹೊಂದಿದೆ’ ಕಂಡರೆ ಹೊಡೆದುಹಾಕಿ ‘ಇದೆ’ ಮಾಡಿ.