ಡಾಂಟ್‌ಲೆಸ್ ವಿಮಾನದ ಜಾತಕ: ಮೊದಲು ನಂಬರ್, ಆಮೇಲೆ ಕಥೆ

ಎರಡನೇ ಮಹಾಯುದ್ಧದ ಡೈವ್ ಬಾಂಬರ್‌ಗಳ (ಗುರಿಯ ಮೇಲೆ ಕಡಿದಾಗಿ ಎರಗಿ ಬಾಂಬ್ ಹಾಕುವ ವಿಮಾನಗಳ) ಬಗ್ಗೆ ಬರುವ ಪತ್ರಗಳಲ್ಲಿ ಪದೇ ಪದೇ ಇವೇ ಪ್ರಶ್ನೆಗಳು.

ಪ್ರ: ಜರ್ಮನಿಯ ಸ್ಟೂಕಾ ಎಷ್ಟು ಉಳಿದಿವೆ?

ಉ: ಇಡಿಯಾಗಿ ಎರಡೇ. ಒಂದು ಬ್ರಿಟನ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂನಲ್ಲಿ, ಇನ್ನೊಂದು ಷಿಕಾಗೋದಲ್ಲಿ. ಮಿಕ್ಕಿದ್ದೆಲ್ಲ ಅವಶೇಷ ಅಥವಾ ಪ್ರತಿಕೃತಿ.

ಪ್ರ: ಅಮೆರಿಕದ ಮ್ಯೂಸಿಯಂ ಒಂದರಲ್ಲಿ ಅವರ ನೌಕಾಪಡೆಯ ಡೈವ್ ಬಾಂಬರ್ ಎಸ್‌ಬಿಡಿ ಡಾಂಟ್‌ಲೆಸ್ ನೋಡಿದೆ. ಅದು ಅಮೆರಿಕ-ಜಪಾನ್ ನಡುವಿನ ಮಿಡ್‌ವೇ ಕದನದಲ್ಲಿ ಹಾರಿದ್ದಂತೆ. ನಿಜವೋ ಅಲ್ಲವೋ ತಿಳಿಯುವುದು ಹೇಗೆ?

ಉ: 'ಅಂತೆ' ಬಿಡಿ, ಬ್ಯೂರೋ ನಂಬರ್ ಕೇಳಿ. ನೌಕಾಪಡೆ ಒಂದೊಂದು ವಿಮಾನಕ್ಕೂ ಕೊಟ್ಟ ಈ ಸಂಖ್ಯೆ ಕೊನೆಯವರೆಗೂ ಅದೇ. ಬರೆದುಕೊಳ್ಳುವಾಗ ಮುಂದಿನ ಸೊನ್ನೆಯನ್ನು ನುಂಗಬೇಡಿ. ನಾಲ್ಕಂಕಿಯ ಹಳೆಯ ಸಾಲು 7303ಕ್ಕೆ ನಿಂತು, 1940ರಲ್ಲಿ 00001ರಿಂದ ಹೊಸ ಸಾಲು ಶುರುವಾಯಿತು. 4518 ಬೇರೆ, 04518 ಬೇರೆ. ಮೈಮೇಲಿನ ದೊಡ್ಡ ಅಂಕಿ ಸ್ಕ್ವಾಡ್ರನ್ (ವಿಮಾನ ಘಟಕ) ಕೊಟ್ಟದ್ದು. ವಿಮಾನ ಹೋದರೆ ಬದಲಿಗೆ ಬಂದದ್ದಕ್ಕೂ ಅದನ್ನೇ ಬಳಿಯುತ್ತಿದ್ದರು. ಹಾಗಾಗಿ ಹಳೆಯ ಫೋಟೊದ ಅಂಕಿ ಸಾಕ್ಷಿಯಾಗದು. ಎಂಜಿನ್ ನಂಬರೂ ಅಷ್ಟೇ, ಎಂಜಿನ್ ಬದಲಾಗುತ್ತಲೇ ಇರುತ್ತದೆ.

ಮುಂದೆ ಮಾದರಿ. ಮಿಡ್‌ವೇ ನಡೆದದ್ದು 1942ರ ಜೂನ್‌ನಲ್ಲಿ. ಎಸ್‌ಬಿಡಿ-4 ಹೊರಬಂದದ್ದೇ ಆಮೇಲೆ. ಗುರುತು ಬೇಕೆಂದರೆ, ಎಸ್‌ಬಿಡಿ-3ರದು 12 ವೋಲ್ಟ್ ವಿದ್ಯುತ್ ವ್ಯವಸ್ಥೆ, ಎಸ್‌ಬಿಡಿ-4ರದು 24. ಎಸ್‌ಬಿಡಿ-5ಕ್ಕೆ ಮಿಡ್‌ವೇ ಕಥೆ ಕಟ್ಟುವವರಿಗೆ ಕ್ಯಾಲೆಂಡರ್ ತೋರಿಸಿ.

ಮೂರನೆಯದು ವಿಮಾನದ ಇತಿಹಾಸ ಕಾರ್ಡ್. ಯಾವಾಗ ಯಾವ ಘಟಕದಲ್ಲಿತ್ತು ಎಂಬುದು ಅದರಲ್ಲಿ ಸಿಗುತ್ತದೆ. ಹೆಚ್ಚಿನವರು ಎಡವುವುದೂ ಇಲ್ಲೇ: ನೌಕಾಪಡೆಯ ವಿಮಾನ ಪಟ್ಟಿಯಿಂದ ತೆಗೆದ ದಿನಾಂಕವನ್ನೇ ಬಿದ್ದ ದಿನಾಂಕ ಎಂದುಕೊಳ್ಳುತ್ತಾರೆ. ಅದು ಕಚೇರಿಯಲ್ಲಿ ಗುಮಾಸ್ತ ಬರೆದ ದಿನ. ವಿಮಾನ ಎಷ್ಟೋ ಮೊದಲೇ ಬಿದ್ದಿರಬಹುದು. ಕಾರ್ಡಿನ ಪಕ್ಕದಲ್ಲಿ ಘಟಕದ ಯುದ್ಧ ದಿನಚರಿ, ಅಪಘಾತ ವರದಿ ಇಟ್ಟು ನೋಡಿ. ನಂಬರ್, ಘಟಕ, ದಿನಾಂಕ ಮೂರೂ ಕೂಡಿದರೆ ಮಾತ್ರ ಒಪ್ಪಿ. ದಾಖಲೆಯಿಲ್ಲದ ತಿಂಗಳನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.

ಹೀಗೆ ಜಾತಕ ಪೂರ್ತಿ ಸಿಕ್ಕ ವಿಮಾನ ಎಸ್‌ಬಿಡಿ-2, ನಂಬರ್ 2106. ಜಪಾನ್ ದಾಳಿ ನಡೆದ 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿತ್ತು. 1942ರ ಮಾರ್ಚ್‌ನಲ್ಲಿ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ಹಡಗಿನಿಂದ ನ್ಯೂಗಿನಿಯ ಲಾಏ, ಸಲಮೌವಾ ದಾಳಿಗೆ ಹೋಯಿತು. ಜೂನ್ 4ರಂದು ಮಿಡ್‌ವೇಯಲ್ಲಿ ಮರೀನ್ ಸ್ಕ್ವಾಡ್ರನ್ ವಿಎಂಎಸ್‌ಬಿ-241ರ ಡೇನಿಯಲ್ ಐವರ್ಸನ್ ಇದನ್ನು ಹಾರಿಸಿ, 219 ತೂತುಗಳೊಂದಿಗೆ ಒಂಟಿ ಚಕ್ರದ ಮೇಲೆ ಇಳಿಸಿದರು. ಆಮೇಲೆ ತರಬೇತಿಗೆ ಹೋಗಿ, 1943ರ ಜೂನ್ 11ರಂದು ಮಿಷಿಗನ್ ಸರೋವರಕ್ಕೆ ಬಿತ್ತು, 1994ರಲ್ಲಿ ಮೇಲೆತ್ತಿದರು. ಸವೆದ ಯುದ್ಧವಿಮಾನಗಳನ್ನು ಅಲ್ಲಿ ಹಡಗಿನ ಮೇಲೆ ಇಳಿಯುವ ಅಭ್ಯಾಸಕ್ಕೆ ಕೊಡುತ್ತಿದ್ದರು. ತಣ್ಣನೆಯ ಸಿಹಿನೀರಿನಲ್ಲಿ ಅಲ್ಯೂಮಿನಿಯಂ ಬೇಗ ಕೊಳೆಯುವುದಿಲ್ಲ. ಇಂದು ಉಳಿದ ಹಲವು ಡಾಂಟ್‌ಲೆಸ್‌ಗಳು ಆ ಸರೋವರದಿಂದಲೇ ಬಂದವು.

ಪ್ರ: ಮಿಡ್‌ವೇ ವಿಮಾನದ ತುಂಡು, ಪ್ರಮಾಣಪತ್ರದೊಂದಿಗೆ ಮಾರಾಟಕ್ಕಿದೆ. ಕೊಳ್ಳಲೇ?

ಉ: ಬೇಡವೇ ಬೇಡ. ಬಿಡಿಭಾಗದ ಮೇಲಿನ ಸಂಖ್ಯೆ ಅದು ಯಾವ ಭಾಗ ಎಂದು ಹೇಳುತ್ತದೆ, ಯಾವ ವಿಮಾನದ್ದು ಎಂದಲ್ಲ. ಪ್ರಮಾಣಪತ್ರ ಅಚ್ಚು ಹಾಕಿದವನು ಮಾರುವವನೇ. ಮೇಲಾಗಿ, ಮುಳುಗಿದ ನೌಕಾಪಡೆ ವಿಮಾನ ಅಮೆರಿಕ ಸರ್ಕಾರದ ಸ್ವತ್ತು. 2004ರ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ.

ಪ್ರ: ಭಾರತೀಯ ವಾಯುಪಡೆಯ ಡೈವ್ ಬಾಂಬರ್ ಎಲ್ಲಿದೆ?

ಉ: ನಮ್ಮ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ರಣರಂಗದಲ್ಲಿ ವಲ್ಟೀ ವೆಂಜನ್ಸ್ ಹಾರಿಸಿದವು. ಆಸ್ಟ್ರೇಲಿಯಾದ ಕ್ಯಾಮ್ಡೆನ್ ಸಂಗ್ರಹದ ವೆಂಜನ್ಸ್ ಎ27-99 ಆಸ್ಟ್ರೇಲಿಯಾ ವಾಯುಪಡೆಯದು. ಅದರ ಫೋಟೊಕ್ಕೆ 'ನಮ್ಮ ವಿಮಾನ' ಎಂದು ಬರೆದು ಹಂಚಬೇಡಿ.